ಗೋಡೆ ನುಂಗಿದ ಟ್ರಿಟಿಯಂ

1997ರಲ್ಲಿ ಇಂಗ್ಲೆಂಡಿನ ಕಲ್ಹಮ್‌ನಲ್ಲಿದ್ದ ಜೆಟ್ ಎಂಬ ಪ್ರಯೋಗ ಯಂತ್ರ 16 ಮೆಗಾವ್ಯಾಟ್ ಫ್ಯೂಷನ್ ಶಕ್ತಿ (ಹಗುರ ಪರಮಾಣುಗಳು ಬೆಸೆದಾಗ ಹುಟ್ಟುವ ಶಕ್ತಿ) ಕೊಟ್ಟು ದಾಖಲೆ ಬರೆಯಿತು. ಆ ಸುದ್ದಿ ದೊಡ್ಡದಾಯಿತು, ಅದರ ಬೆನ್ನಿಗಿದ್ದ ಲೆಕ್ಕ ಮಾತ್ರ ಹೆಚ್ಚು ಜನರ ಕಿವಿಗೆ ಬೀಳಲಿಲ್ಲ. ಯಂತ್ರಕ್ಕೆ ಇಂಧನವಾಗಿ ಬಿಟ್ಟ ಟ್ರಿಟಿಯಂ ಒಟ್ಟು ಸುಮಾರು 35 ಗ್ರಾಂ. ಪ್ರಯೋಗ ಮುಗಿಯುವ ಹೊತ್ತಿಗೆ ಅದರಲ್ಲಿ ಮೂರನೇ ಒಂದು ಪಾಲು ವಾಪಸ್ ಬಂದಿರಲಿಲ್ಲ. ಉರಿದು ಹೋಯಿತಾ? ಇಲ್ಲ, ಉರಿದದ್ದು ಬರೀ ಮಿಲಿಗ್ರಾಂ ಲೆಕ್ಕ. ಉಳಿದದ್ದನ್ನು ಯಂತ್ರದ ಒಳಗೋಡೆ ನುಂಗಿತ್ತು.

ಟ್ರಿಟಿಯಂ ಅಂದರೆ ಹೈಡ್ರೋಜನ್ನಿನ ತೂಕದ ಅಣ್ಣ. ವಿಕಿರಣ ಸೂಸುತ್ತಾ 12.3 ವರ್ಷಕ್ಕೆ ಅರ್ಧವಾಗುತ್ತದೆ, ಹಾಗಾಗಿ ಕೂಡಿಟ್ಟರೂ ಕರಗುತ್ತಲೇ ಇರುತ್ತದೆ. ಮಾರಾಟಕ್ಕೆ ಸಿಗುವುದು ಬಹುಪಾಲು ಕೆನಡಾದ ಭಾರಜಲ ರಿಯಾಕ್ಟರುಗಳಿಂದ. (ನಮ್ಮ ಕೈಗಾದಲ್ಲಿರುವುದೂ ಭಾರಜಲ ರಿಯಾಕ್ಟರುಗಳೇ, ಅಲ್ಲೂ ಭಾರಜಲದಲ್ಲಿ ಟ್ರಿಟಿಯಂ ಹುಟ್ಟುತ್ತದೆ.) ಒಂದು ಗಿಗಾವ್ಯಾಟ್ ಫ್ಯೂಷನ್ ಶಕ್ತಿಯನ್ನು ವರ್ಷಪೂರ್ತಿ ತೆಗೆಯಬೇಕಾದರೆ ಸುಮಾರು 56 ಕಿಲೋ ಬೇಕು, ಜಗತ್ತಿನ ಮಾರುಕಟ್ಟೆಯಲ್ಲಿ ಅಷ್ಟು ದಾಸ್ತಾನೇ ಇಲ್ಲ. ಇಂಥ ಇಂಧನವನ್ನು ಗೋಡೆಗೆ ಬಿಟ್ಟುಕೊಟ್ಟರೆ ಗತಿ ಏನು?

ತಪ್ಪು ಇಂಗಾಲದ್ದು. ಆಗ ಯಂತ್ರಗಳ ಒಳಮೈಗೆ ಇಂಗಾಲದ ಹಂಚು ಹಾಕುತ್ತಿದ್ದರು. ಅದು ಕರಗುವುದಿಲ್ಲ, ಒಂದಿಷ್ಟು ಉದುರಿ ಪ್ಲಾಸ್ಮಾಗೆ (ಒಳಗೆ ವಿಪರೀತ ಕಾದಿರುವ ಇಂಧನದ ಅನಿಲಕ್ಕೆ) ಬೆರೆತರೂ ಅದನ್ನು ತೀರಾ ತಣಿಸುವುದಿಲ್ಲ. ಆದರೆ ಇಂಗಾಲಕ್ಕೂ ಹೈಡ್ರೋಜನ್ನಿಗೂ ಬಿಡದ ನಂಟು. ಪ್ಲಾಸ್ಮಾ ಕೆರೆದ ಇಂಗಾಲ ಟ್ರಿಟಿಯಂ ಕೈಹಿಡಿದು ಹೋಗಿ ಬೇರೆಡೆ ಪದರವಾಗಿ ಕೂರುತ್ತದೆ. ಸೌದೆ ಒಲೆಯ ಅಡುಗೆಮನೆ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ: ಮಸಿ ಕಟ್ಟುವುದು ಬೆಂಕಿಯ ಬಾಯಲ್ಲಲ್ಲ, ದೂರದ ತೊಲೆಗೆ, ಕೈ ಎಟುಕದ ಮೂಲೆಗೆ. ಜೆಟ್‌ನಲ್ಲೂ ಹಾಗೇ ಆಯಿತು. ಕೆಳಭಾಗದ ತಣ್ಣನೆಯ ಸಂದುಗಳಲ್ಲಿ, ಪ್ಲಾಸ್ಮಾ ನೇರವಾಗಿ ಮುಟ್ಟದ ಕಡೆ ಪದರ ಬೆಳೆದು ಹಕ್ಕಳೆ ಹಕ್ಕಳೆಯಾಗಿ ಎದ್ದು ಉದುರಿತ್ತು.

ತೆಗೆಯುವುದು ಹೇಗೆ? ಟ್ರಿಟಿಯಂ ಬಿಟ್ಟು ಹೈಡ್ರೋಜನ್ನಿನ ಇನ್ನೊಂದು ರೂಪವಾದ ಡ್ಯೂಟೀರಿಯಂ ಮಾತ್ರ ಹಾಕಿ ಯಂತ್ರ ಓಡಿಸಿದರು, ಒಂದನ್ನು ತಳ್ಳಿ ಇನ್ನೊಂದು ಕೂರಲಿ ಅಂತ. ಬಿಸಿ ಮಾಡಿದರು, ಗಾಳಿ ಬಿಟ್ಟರು. ತಿಂಗಳುಗಟ್ಟಲೆ ಒದ್ದಾಡಿದರೂ ಸುಮಾರು 6 ಗ್ರಾಂ ಒಳಗೇ ಉಳಿಯಿತು. ಪ್ಲಾಸ್ಮಾ ತಾಗದ ಜಾಗವನ್ನು ಪ್ಲಾಸ್ಮಾದಿಂದ ತೊಳೆಯಲು ಆಗುವುದಿಲ್ಲ, ಅಲ್ವಾ. ಅಮೆರಿಕದ ಪ್ರಿನ್ಸ್‌ಟನ್‌ನಲ್ಲಿದ್ದ ಟಿಎಫ್‌ಟಿಆರ್ ಯಂತ್ರಕ್ಕೂ ಇದೇ ತಲೆನೋವಿತ್ತು. ಒಳಗೆ ಇಷ್ಟೇ ಟ್ರಿಟಿಯಂ ಇರಬೇಕೆಂಬ ಮಿತಿ ಇದ್ದುದರಿಂದ ಪ್ರಯೋಗ ನಿಲ್ಲಿಸಿ ಗೋಡೆ ತೊಳೆಯಬೇಕಾಗಿತ್ತು.

ಫ್ರಾನ್ಸಿನಲ್ಲಿ ಕಟ್ಟುತ್ತಿರುವ ದೊಡ್ಡ ಫ್ಯೂಷನ್ ಯಂತ್ರ ಐಟರ್‌ನ ಪಾತ್ರೆಯೊಳಗೆ ಕೂರಬಹುದಾದ ಟ್ರಿಟಿಯಂಗೆ ಇಟ್ಟ ಮಿತಿ 700 ಗ್ರಾಂ. ಇಂಗಾಲದ ಗೋಡೆ ಇದ್ದರೆ ಕೆಲವು ನೂರು ಪ್ರಯೋಗಕ್ಕೇ ಅದು ತುಂಬಿಬಿಡುತ್ತಿತ್ತು. ತೊಳೆಯುವ ವಿದ್ಯೆ ಸಾಲದು, ಗೋಡೆಯನ್ನೇ ಬದಲಿಸಬೇಕು ಅನ್ನುವ ದಾರಿಗೆ ಬಂದದ್ದು ಹೀಗೆ. ನನಗನ್ನಿಸುವಂತೆ ಈ ಕತೆಯ ನಿಜವಾದ ತಿರುವು ಇದೇ. ಜೆಟ್ ತನ್ನ ಇಂಗಾಲವನ್ನೆಲ್ಲ ಕಿತ್ತು ಬೆರಿಲಿಯಂ, ಟಂಗ್‌ಸ್ಟನ್ ಲೋಹಗಳನ್ನು ಹೊದ್ದುಕೊಂಡು 2011ರಲ್ಲಿ ಮತ್ತೆ ಶುರುವಾಯಿತು. ಸಿಕ್ಕಿಕೊಳ್ಳುವ ಇಂಧನ ಹತ್ತು ಪಟ್ಟಿಗೂ ಜಾಸ್ತಿ ಇಳಿಯಿತು. 2013ರಲ್ಲಿ ಐಟರ್ ಕೂಡ ಇಂಗಾಲ ಕೈಬಿಟ್ಟಿತು. ಈಚಿನ ಯೋಜನೆಯಲ್ಲಿ ಬೆರಿಲಿಯಂ ಸಹ ಹೋಗಿ ಎಲ್ಲ ಕಡೆ ಟಂಗ್‌ಸ್ಟನ್ ಬಂದಿದೆ.

ಟಂಗ್‌ಸ್ಟನ್ನೂ ಪೂರ್ತಿ ಸಾಚಾ ಅಲ್ಲ. ಫ್ಯೂಷನ್ನಿನ ನ್ಯೂಟ್ರಾನುಗಳು ಲೋಹದ ಪರಮಾಣುಗಳನ್ನು ಜಾಗದಿಂದ ಕಿತ್ತು ಸಣ್ಣ ಸಣ್ಣ ಗುಳಿ ಮಾಡುತ್ತವೆ, ಟ್ರಿಟಿಯಂ ಅಲ್ಲಿ ಅವಿತು ಕೂರುತ್ತದೆ. ಅದಕ್ಕೇ ಕಾಯಿಸುವ ಉಪಾಯ ಈಗಲೂ ಬೇಕು. ಎಲ್ಲೆಲ್ಲಿ ಎಷ್ಟು ಕೂತಿದೆ ಅಂತ ಮೊದಲು ತಿಳಿಯಬೇಕಲ್ಲ, ಅದಕ್ಕೆ ಲೇಸರ್ ಹೊಡೆದು ಒಂದು ಚುಕ್ಕೆಯಷ್ಟು ಗೋಡೆಯನ್ನು ಕಾಯಿಸುತ್ತಾರೆ, ಹೊರಬಂದ ಅನಿಲವನ್ನು ಅಳೆಯುತ್ತಾರೆ. ಜೆಟ್ ತನ್ನ ಕೊನೆಯ ದಿನಗಳಲ್ಲಿ ಇದನ್ನು ಪರೀಕ್ಷಿಸಿತು.

2023ರ ಡಿಸೆಂಬರ್‌ನಲ್ಲಿ ಜೆಟ್ ನಿಂತಿತು. ಈಗ ರೋಬಾಟ್ ಕೈಗಳು ಅದರೊಳಗಿಂದ ಮಾದರಿ ಹಂಚುಗಳನ್ನು ಬಿಚ್ಚಿ ತರುತ್ತಿವೆ, ಟ್ರಿಟಿಯಂ ಹೀರಿದ ವಸ್ತುಗಳನ್ನು ಕಲ್ಹಮ್‌ನಲ್ಲೇ ಕುಲುಮೆಗೆ ಹಾಕಿ ಕಾಯಿಸಿ ಹೊರತೆಗೆಯುವ ಕೆಲಸ ನಡೆದಿದೆ.