ಹಕ್ಕಿ ತಿನ್ನುವ ಜೇಡ: ಒಂದು ಚಿತ್ರದ ಮೇಲಿನ ಅಪನಂಬಿಕೆ

ಸೀಬೆಮರದ ಕೊಂಬೆಯ ಮೇಲೆ ಮೈತುಂಬ ಕೂದಲಿರುವ ಜೇಡವೊಂದು ಹಮ್ಮಿಂಗ್‌ಬರ್ಡನ್ನು ಅಂಗಾತ ಕೆಡವಿಕೊಂಡು ಕುಳಿತಿದೆ. ಪಕ್ಕದ ಗೂಡಿನಲ್ಲಿ ನಾಲ್ಕು ಮೊಟ್ಟೆಗಳಿವೆ. 1705ರಲ್ಲಿ ಆಮ್‌ಸ್ಟರ್‌ಡಾಮ್‌ನಲ್ಲಿ ಪ್ರಕಟವಾದ, ದಕ್ಷಿಣ ಅಮೆರಿಕದ ಸುರಿನಾಮ್‌ನ ಕೀಟಗಳನ್ನು ಕುರಿತ, ಚಿತ್ರಕಲಾವಿದೆ ಮರಿಯಾ ಸಿಬಿಲ್ಲಾ ಮೇರಿಯನ್ ಅವರ ಗ್ರಂಥದ 18ನೆಯ ಚಿತ್ರವಿದು. 1699ರಲ್ಲಿ, ತಮ್ಮ 52ನೆಯ ವಯಸ್ಸಿನಲ್ಲಿ, ಕಿರಿಯ ಮಗಳೊಡನೆ ಸುರಿನಾಮ್‌ಗೆ ಹಡಗು ಹತ್ತಿದ್ದ ಅವರು ಎರಡು ವರ್ಷ ಅಲ್ಲಿದ್ದು, ಕಾಯಿಲೆ ಬಿದ್ದು ಹಿಂದಿರುಗಿದ್ದರು.

ಜೀವಿಗಳಿಗೆ ವೈಜ್ಞಾನಿಕ ಹೆಸರಿಡುವ ಪದ್ಧತಿ ರೂಪಿಸಿದ ಲಿನೇಯಸ್ 1758ರಲ್ಲಿ ಈ ಜೇಡಕ್ಕೆ ‘ಅವಿಕುಲೇರಿಯಾ’ ಎಂದು ಹೆಸರಿಟ್ಟರು. ಪುಟ್ಟ ಹಕ್ಕಿ ಎಂಬರ್ಥದ ಲ್ಯಾಟಿನ್ ಪದ ಅದರ ಮೂಲ. ಕಾಲ್ತುದಿ ಗುಲಾಬಿ ಬಣ್ಣವಿರುವ ಈ ಟರಾಂಟುಲಾ (ಮೈತುಂಬ ಕೂದಲಿರುವ ದೊಡ್ಡ ಜೇಡಗಳ ಗುಂಪಿನದು) ಬೇಟೆ ಹಿಡಿಯಲು ಬಲೆ ಹೆಣೆಯುವುದಿಲ್ಲ. ಮರದ ಮೇಲೆ ರೇಷ್ಮೆಯ ಕೊಳವೆ ಕಟ್ಟಿ ಹಗಲೆಲ್ಲ ಅಡಗಿದ್ದು, ರಾತ್ರಿ ಹೊಂಚು ಹಾಕುತ್ತದೆ. ಅದೇ ನಾಡಿನ ರೂಬಿ-ಟೋಪಾಜ್ ಹಮ್ಮಿಂಗ್‌ಬರ್ಡ್ ಸುಮಾರು 8 ಸೆಂಟಿಮೀಟರ್ ಉದ್ದ, ನಾಲ್ಕು ಗ್ರಾಮಿಗೂ ಕಡಿಮೆ ತೂಕ. ಹಗಲಿನಲ್ಲಿ ರೆಕ್ಕೆ ಕಾಣದಂತೆ ಹಾರುವ ಹಮ್ಮಿಂಗ್‌ಬರ್ಡ್‌ಗಳು ರಾತ್ರಿ ಮೈಬಿಸಿ ಇಳಿಸಿಕೊಂಡು ಜಡವಾಗಿಬಿಡಬಲ್ಲವು. (ನಮ್ಮ ಹಿತ್ತಿಲ ಸೂರಕ್ಕಿಯನ್ನೇ ಹಮ್ಮಿಂಗ್‌ಬರ್ಡ್ ಎನ್ನುವವರುಂಟು; ಅವು ಬೇರೆಯೇ ಕುಲದವು, ಹಮ್ಮಿಂಗ್‌ಬರ್ಡ್‌ಗಳಿರುವುದು ಅಮೆರಿಕ ಖಂಡಗಳಲ್ಲಿ ಮಾತ್ರ.)

ಹತ್ತೊಂಬತ್ತನೆಯ ಶತಮಾನದ ಪಂಡಿತರಿಗೆ ಈ ಚಿತ್ರ ಕಟ್ಟುಕತೆಯಾಗಿ ಕಂಡಿತು. ಸುರಿನಾಮ್‌ಗೆ ಕಾಲಿಡದ ಪಾದ್ರಿ ಲ್ಯಾನ್ಸ್‌ಡೌನ್ ಗಿಲ್ಡಿಂಗ್ ಅವರ ಕಟುವಿಮರ್ಶೆ 1834ರಲ್ಲಿ ಅಚ್ಚಾಯಿತು. ಅದೇ ವರ್ಷ ಮ್ಯಾಕ್ಲೇ ಎಂಬ ವಿಜ್ಞಾನಿ, ಕ್ಯೂಬಾದಲ್ಲಿ ತಾವು ಜೇಡದ ಬಿಲಕ್ಕೆ ಜೀವಂತ ಹಮ್ಮಿಂಗ್‌ಬರ್ಡ್ ಬಿಟ್ಟಾಗ ಜೇಡವೇ ಬಿಲ ಬಿಟ್ಟು ಓಡಿತೆಂದು ವರದಿ ಮಾಡಿದರು. ನೆಲದ ಬಿಲದಲ್ಲಿ ನಡೆಸಿದ ಪರೀಕ್ಷೆಯಿಂದ ಮರದ ಮೇಲಿನ ಜೇಡದ ಬಗ್ಗೆ ತೀರ್ಪು ಕೊಟ್ಟದ್ದು ದುಡುಕೆಂದೇ ಹೇಳಬೇಕು. ಆದರೆ ಮೇರಿಯನ್ ಅವರ ತಪ್ಪೂ ಇತ್ತು: ಹಮ್ಮಿಂಗ್‌ಬರ್ಡ್‌ಗಳು ಸಾಮಾನ್ಯವಾಗಿ ಇಡುವುದು ಎರಡೇ ಮೊಟ್ಟೆ. ಕಂಡದ್ದನ್ನೂ ಕೇಳಿದ್ದನ್ನೂ ಅವರು ಒಂದೇ ಹಾಳೆಯಲ್ಲಿ ಬೆರೆಸಿದ್ದರೆಂಬ ಅನುಮಾನಕ್ಕೆ ಅದು ಎಡೆ ಕೊಟ್ಟಿತು.

ಅಮೆಜಾನ್ ಸೀಮೆಯಲ್ಲಿ 11 ವರ್ಷ ಕಳೆದ ಇಂಗ್ಲಿಷ್ ನಿಸರ್ಗವಿಜ್ಞಾನಿ ಹೆನ್ರಿ ವಾಲ್ಟರ್ ಬೇಟ್ಸ್ 1863ರಲ್ಲಿ ತಮ್ಮ ಅನುಭವವನ್ನು ಪ್ರಕಟಿಸಿದಾಗ ವಾದದ ದಿಕ್ಕು ಬದಲಾಯಿತು. ಕಮೆಟಾ ಎಂಬ ಊರಿನ ಬಳಿ ಮರದ ಬಿರುಕೊಂದರ ಮೇಲೆ ಹರಡಿದ್ದ, ಹರಿದ ರೇಷ್ಮೆಯ ಹೆಣಿಗೆಯಲ್ಲಿ ಎರಡು ಪುಟ್ಟ ಹಕ್ಕಿಗಳು ಸಿಕ್ಕಿಕೊಂಡಿದ್ದವು; ಒಂದು ಸತ್ತಿತ್ತು, ಇನ್ನೊಂದು ಜೇಡದ ಮೈಯಡಿ ಜೊಲ್ಲು ಮೆತ್ತಿಕೊಂಡು ಬಿದ್ದಿತ್ತು. ಜೇಡವನ್ನು ಓಡಿಸಿದರೂ ಆ ಹಕ್ಕಿ ಹೆಚ್ಚು ಹೊತ್ತು ಬದುಕಲಿಲ್ಲ. ಅವು ಹಮ್ಮಿಂಗ್‌ಬರ್ಡ್‌ಗಳಲ್ಲ, ಫಿಂಚ್ ಜಾತಿಯವು. ಈ ಜೇಡದ ನಿತ್ಯದ ಊಟ ಕೀಟಗಳೇ, ಹಕ್ಕಿ ಅಪರೂಪ. ಲಿನೇಯಸ್ ಕೊಟ್ಟ ಹೆಸರು ಮಾತ್ರ ಇಂದಿಗೂ ಹಾಗೆಯೇ ಉಳಿದಿದೆ.