ಒಂದೇ ಹುಲ್ಲಿಗೆ ಅಷ್ಟೊಂದು ಹಾಳೆಗಳೇಕೆ?

ಪ್ರಶ್ನೆ: ಉತ್ತರದ ಶೀತ ನಾಡುಗಳಲ್ಲಿ ಬೆಳೆಯುವ ಡೆಶಾಂಪ್ಸಿಯಾ ಸೆಸ್ಪಿಟೋಸಾ ಎಂಬ ಕಾಡುಹುಲ್ಲಿನ ಹರ್ಬೇರಿಯಂ (ಒಣಗಿಸಿದ ಗಿಡಗಳ ಸಂಗ್ರಹ) ದಾಖಲೆಗಳನ್ನು ನೋಡುತ್ತಿದ್ದೆ. ಒಂದೇ ಹುಲ್ಲನ್ನು ಮತ್ತೆ ಮತ್ತೆ ಕಿತ್ತು, ಒಣಗಿಸಿ, ಹಾಳೆಗೆ ಅಂಟಿಸಿ ಇಟ್ಟಿದ್ದಾರೆ. ಒಂದು ಮಾದರಿ ಸಾಲದೇ?
– ಓದುಗರೊಬ್ಬರು, ಬೀದರ್

ಉತ್ತರ: ಸಾಲದು. ಇಂಥ ದಿನ, ಇಂಥ ಜಾಗದಲ್ಲಿ, ಇಂಥವರ ಕೈಗೆ ಈ ಗಿಡ ಸಿಕ್ಕಿತು ಎಂಬುದಕ್ಕೆ ಪ್ರತಿ ಹಾಳೆಯೂ ಸಾಕ್ಷಿ. ಆದ್ದರಿಂದ ಎರಡನೆಯ ಹಾಳೆ ಮೊದಲನೆಯದರ ನಕಲಾಗುವುದಿಲ್ಲ.

ಯುರೋಪ್, ಉತ್ತರ ಏಷ್ಯಾ, ಉತ್ತರ ಅಮೆರಿಕಗಳ ತೇವದ ನೆಲದಲ್ಲಿ ಈ ಹುಲ್ಲು ದಟ್ಟ ಗುಂಪಾಗಿ ಬೆಳೆಯುತ್ತದೆ. ಎಲೆಯ ಮೇಲ್ಮೈಯಲ್ಲಿ ಉದ್ದಕ್ಕೂ ಏಣುಗಳಿದ್ದು, ತುದಿಯಿಂದ ಬುಡದ ಕಡೆಗೆ ಬೆರಳು ಎಳೆದರೆ ಗರಗಸದಂತೆ ತರಚುತ್ತದೆ. ತೆನೆಯ ಕವಲುಗಳು ಮಾತ್ರ ಕೂದಲೆಳೆಯಷ್ಟು ಸಪೂರ. ಒಂದು ಕಡೆ ಮೊಣಕಾಲೆತ್ತರಕ್ಕೆ ನಿಂತದ್ದು ಇನ್ನೊಂದು ಕಡೆ ಎದೆಯೆತ್ತರಕ್ಕೆ ಬೆಳೆದಿರುತ್ತದೆ, ಅತಿ ಉತ್ತರದ ಮತ್ತು ಎತ್ತರದ ಬೆಟ್ಟಗಳ ಕೆಲವು ಬಗೆಗಳಲ್ಲಂತೂ ತೆನೆಯಲ್ಲಿ ಬೀಜದ ಬದಲು ಪುಟ್ಟ ಸಸಿಗಳೇ ಮೂಡುತ್ತವೆ. ಈ ವ್ಯತ್ಯಾಸವೆಲ್ಲ ಸುಮಾರು 42 ಸೆಂ.ಮೀ. ಉದ್ದದ ಒಂದು ಹಾಳೆಯಲ್ಲಿ ಹಿಡಿಯುವುದು ಸಾಧ್ಯವೇ ಇಲ್ಲ.

ನನ್ನ ದೃಷ್ಟಿಯಲ್ಲಿ ಹುಲ್ಲಿನಷ್ಟೇ ಬೆಲೆಯುಳ್ಳದ್ದು ಹಾಳೆಯ ಮೂಲೆಯಲ್ಲಿರುವ ಚೀಟಿ. ಸ್ಥಳ, ದಿನಾಂಕ, ಸಂಗ್ರಹಿಸಿದವರ ಹೆಸರು ಮತ್ತು ಸಂಗ್ರಹ ಸಂಖ್ಯೆ ಅದರಲ್ಲಿರುತ್ತವೆ. ಚೀಟಿ ಕಳೆದುಹೋದರೆ ಉಳಿಯುವುದು ಒಣಮೇವು ಮಾತ್ರ. ಆದರೆ ಚೀಟಿಯನ್ನು ಅದರ ಕಾಲಕ್ಕೆ ಹೊಂದಿಸಿ ಓದಬೇಕು. ಸ್ವೀಡನ್ನಿನ ಸಸ್ಯವಿಜ್ಞಾನಿ ಲಿನೇಯಸ್ 1753ರಲ್ಲಿ ಈ ಹುಲ್ಲನ್ನು ಐರಾ ಸೆಸ್ಪಿಟೋಸಾ ಎಂದು ಕರೆದಿದ್ದರು, ಈಗಿನ ಹೆಸರು ಬಂದದ್ದು 1812ರಲ್ಲಿ. ಹಾಗಾಗಿ ಹಳೆಯ ಹಾಳೆಗಳಲ್ಲಿ ಹಳೆಯ ಹೆಸರೂ ಸಿಗುತ್ತದೆ. ಊರುಗಳ ವಿಷಯವೂ ಹೀಗೆಯೇ. ಯಾದಗಿರಿ ಬೇರೆ ಜಿಲ್ಲೆಯಾಗುವ ಮೊದಲು ಸುರಪುರದಲ್ಲಿ ಕಿತ್ತ ಕರಕಿಯ ಚೀಟಿ ಗುಲಬರ್ಗಾ ಜಿಲ್ಲೆಯೆಂದೇ ಹೇಳುತ್ತದೆ, 1956ಕ್ಕೂ ಹಿಂದೆ ನಿಮ್ಮ ಬೀದರಿನಲ್ಲಿ ಸಂಗ್ರಹಿಸಿದ್ದಾದರೆ ಅದು ಹೈದರಾಬಾದ್ ರಾಜ್ಯದ ಲೆಕ್ಕದಲ್ಲಿರುತ್ತದೆ.

ಹೀಗೆ ಓದಿದ ಹಾಳೆಗಳನ್ನು ವರ್ಷವಾರು ಜೋಡಿಸಿದಾಗ ಹುಲ್ಲು ತೆನೆ ಬಿಡುವ ಕಾಲ ಹಿಂದೆ ಮುಂದೆ ಸರಿದಿದೆಯೇ ಎಂದು ತಿಳಿಯಬಹುದು. ಒಣ ಎಲೆಯ ಚೂರಿನಿಂದ ಡಿಎನ್‌ಎಯನ್ನೂ ತೆಗೆಯುತ್ತಾರೆ.

ಹಾಳೆಗಳು ಸಿಕ್ಕ ಜಾಗಗಳನ್ನು ಚುಕ್ಕೆಯಿಟ್ಟು ತೋರಿಸುವ ನಕ್ಷೆಯ ಬಗ್ಗೆ ಮಾತ್ರ ಎಚ್ಚರವಿರಲಿ. ಚುಕ್ಕೆಗಳು ದಟ್ಟವಾಗಿರುವುದು ಸಂಗ್ರಹಕಾರರು ಹೆಚ್ಚು ಓಡಾಡಿದ ದಾರಿಗಳಲ್ಲಿ. ಚುಕ್ಕೆಯಿಲ್ಲದ ಕಡೆ ಹುಲ್ಲೂ ಇಲ್ಲವೆಂದು ತೀರ್ಮಾನಿಸಬಾರದು. ಜಿಪಿಎಸ್ ಬರುವ ಮೊದಲಿನ ದಾಖಲೆಗಳಿಗೆ ಅಕ್ಷಾಂಶ ರೇಖಾಂಶಗಳನ್ನು ಬಹುಮಟ್ಟಿಗೆ ಚೀಟಿಯ ಊರ ಹೆಸರನ್ನು ನೋಡಿ ಆಮೇಲೆ ಸೇರಿಸಿರುತ್ತಾರೆ. ಆದ್ದರಿಂದ ದಾಖಲೆಯಲ್ಲಿ ಸ್ಥಳದ ಅಂದಾಜು ಎಷ್ಟು ಮೀಟರ್ ಆಚೀಚೆ ಆಗಬಹುದೆಂದು ನಮೂದಿಸಿದ್ದರೆ ಮೊದಲು ಅದನ್ನು ನೋಡಿ.