ತರಂಗದೂರ ಕ್ಯಾಲಿಬ್ರೇಶನ್

ಎಷ್ಟನೇ ಪಿಕ್ಸೆಲ್ ಮೇಲೆ ಎಷ್ಟು ಬೆಳಕು ಬಿತ್ತು ಎನ್ನುವುದಷ್ಟೇ ಬೆಳಕನ್ನು ಬಣ್ಣಗಳಾಗಿ ಬಿಡಿಸಿ ಅಳೆಯುವ ಸ್ಪೆಕ್ಟ್ರೋಮೀಟರಿನ ಡಿಟೆಕ್ಟರ್ ಹೇಳುವ ಸಂಗತಿ. ಆ ಪಿಕ್ಸೆಲ್ ಸಂಖ್ಯೆಯನ್ನು ನ್ಯಾನೋಮೀಟರಿಗೆ ತಿರುಗಿಸುವ ಸಮೀಕರಣ ಕಂಡುಕೊಳ್ಳುವುದೇ ತರಂಗದೂರ ಕ್ಯಾಲಿಬ್ರೇಶನ್. ಪೀಕಿನ (ಬೆಳಕಿನ ರೀಡಿಂಗ್ ಏರಿ ಇಳಿಯುವ ಶಿಖರದ) ಎತ್ತರದ ಕ್ಯಾಲಿಬ್ರೇಶನ್ ಬೇರೆಯೇ ಬಾಬತ್ತು.

ಗೆರೆಗಳು, ಅಂದರೆ ಬೆಳಕು ಹೊಮ್ಮುವ ನಿಖರ ತರಂಗದೂರಗಳು, ಮೊದಲೇ ಗೊತ್ತಿರುವ ದೀಪವೊಂದು ಬೇಕು. ಕಾಲೇಜು ಲ್ಯಾಬಿನ ಪಾದರಸ ದೀಪದಲ್ಲಿ 404.66, 435.83, 546.07, ಆಮೇಲೆ ಹಳದಿ ಜೋಡಿ 576.96 ಮತ್ತು 579.07 ನ್ಯಾನೋಮೀಟರ್ ಸಿಗುತ್ತವೆ. ಕೆಂಪಿನ ಕಡೆ ಅದರಲ್ಲಿ ಗಟ್ಟಿ ಗೆರೆಗಳಿಲ್ಲ. ಅಲ್ಲಿಗೆ ಆರ್ಗಾನಿನ 696.54, 763.51, 811.53 ಬೇಕು, ಅದಕ್ಕೇ ಪಾದರಸ–ಆರ್ಗಾನ್ ದೀಪ ಬಳಸುವುದು. ಸಿಎಫ್‌ಎಲ್ ಬಲ್ಬಿನಲ್ಲೂ ಕೆಲಸ ಸಾಗುತ್ತದೆ, ಆದರೆ ಕಡಿಮೆ ರೆಸಲ್ಯೂಶನ್ನಿನ ಉಪಕರಣದಲ್ಲಿ ಅದರ ಹಸಿರು ಪೀಕಿಗೆ ಬಲ್ಬಿನ ಒಳಲೇಪದ ಟೆರ್ಬಿಯಂ ಫಾಸ್ಫರಿನ ಬೆಳಕು ಬೆರೆತು ನಡುಬಿಂದು ನೀಲಿಯತ್ತ ಸರಿಯುತ್ತದೆ. ಬಿಳಿ ಎಲ್‌ಇಡಿಯಲ್ಲಿ ಗೆರೆಗಳೇ ಇಲ್ಲ.

ದೀಪ ಕೆಲವು ನಿಮಿಷ ಉರಿದು ಬಿಸಿಯಾಗಲಿ. ಸ್ಲಿಟ್ (ಬೆಳಕು ಒಳಬರುವ ಸೀಳು) ಮುಚ್ಚಿ ತೆಗೆದ ಡಾರ್ಕ್ ರೀಡಿಂಗನ್ನು ಕಳೆಯಿರಿ. 16 ಬಿಟ್ ಉಪಕರಣ ತನ್ನ ಗರಿಷ್ಠವಾದ 65,535ಕ್ಕೆ ಮುಟ್ಟಿದರೆ ಪೀಕಿನ ತಲೆ ಚಪ್ಪಟೆಯಾಗಿ ನಡುಬಿಂದು ಸಿಗುವುದಿಲ್ಲ, ಎಕ್ಸ್‌ಪೋಶರ್ ಇಳಿಸಿ. ಅತಿ ಎತ್ತರದ ಪಿಕ್ಸೆಲನ್ನೇ ಹಿಡಿಯದೆ, ಗಾಸಿಯನ್ ಫಿಟ್ ಮಾಡಿ (ಗಂಟೆಯಾಕಾರದ ವಕ್ರರೇಖೆಯನ್ನು ಪೀಕಿಗೆ ಹೊಂದಿಸಿ) ನಡುಬಿಂದುವನ್ನು ದಶಮಾಂಶದಲ್ಲಿ ತೆಗೆಯಿರಿ.

435.83 ಗೆರೆ 412ನೇ ಪಿಕ್ಸೆಲಿನಲ್ಲಿ, 546.07 ಗೆರೆ 742ರಲ್ಲಿ ಬಿತ್ತೆಂದುಕೊಳ್ಳಿ. ಪಿಕ್ಸೆಲಿಗೆ 0.334 ನ್ಯಾನೋಮೀಟರ್ ಆಯಿತು. ಈ ಲೆಕ್ಕದಲ್ಲಿ 576.96 ಗೆರೆ 834.5ರ ಹತ್ತಿರ ಇರಬೇಕು. ಅದು 837ರಲ್ಲಿ ಕಂಡರೆ ಸರಳರೇಖೆ 577.8 ಎಂದು ಓದುತ್ತದೆ, ಅಂದರೆ 0.8ಕ್ಕೂ ಹೆಚ್ಚು ತಪ್ಪು. ಗ್ರೇಟಿಂಗ್ (ಒಳಗಿರುವ, ಒತ್ತೊತ್ತಾದ ಗೀರುಗಳ ಫಲಕ) ಬೆಳಕನ್ನು ಹರಡುವುದು ಸಮವಾಗಿ ಅಲ್ಲವಾದ್ದರಿಂದ ಮೂರನೇ ಘಾತದ ಸಮೀಕರಣ ಬೇಕಾಗುತ್ತದೆ. ನಾಲ್ಕೇ ಗೆರೆ ಕೊಟ್ಟರೆ ಅದು ನಾಲ್ಕನ್ನೂ ಮುಟ್ಟಿಕೊಂಡು ಹೋಗಿ ದೋಷ ಸೊನ್ನೆ ಎಂದು ತೋರಿಸುತ್ತದೆ. ಆ ಸೊನ್ನೆಗೆ ಬೆಲೆಯಿಲ್ಲ. ಆರೇಳು ಗೆರೆ ಕೊಟ್ಟು, ಪ್ರತಿಯೊಂದರ ಉಳಿಕೆ ದೋಷ (ಸಮೀಕರಣ ಹೇಳುವುದಕ್ಕೂ ನಿಜ ತರಂಗದೂರಕ್ಕೂ ಇರುವ ಅಂತರ) ನೋಡಿ. ಕೊನೆಯ ಗೆರೆಯ ಆಚೆಗೆ ಸಮೀಕರಣವನ್ನು ನಂಬಬೇಡಿ.

ಪೀಕಿಗೆ ಹೆಸರಿಡುವಾಗ ಈ ದೋಷವೇ ಮುಖ್ಯ. 1868ರ ಆಗಸ್ಟ್ 18ರ ಗ್ರಹಣವನ್ನು ಭಾರತದಿಂದ ನೋಡಿದವರಿಗೆ ಸೂರ್ಯನ ಅಂಚಿನಲ್ಲಿ ಹಳದಿ ಗೆರೆಯೊಂದು ಕಂಡಿತು. ಸೋಡಿಯಂ ಎಂದುಕೊಳ್ಳುವುದು ಸಹಜವಾಗಿತ್ತು. ಸೋಡಿಯಂ ಜೋಡಿ ಇರುವುದು 589.00 ಮತ್ತು 589.59ರಲ್ಲಿ, ಇದು, ಅಂದರೆ ಹೀಲಿಯಂ ಗೆರೆ, 587.56ರಲ್ಲಿ. ಹೀಲಿಯಂ ಬೇರೆ ಧಾತುವೆಂದು ಗೊತ್ತಾಗಲು ಇದ್ದ ಅಂತರ ಬರೀ 1.4 ನ್ಯಾನೋಮೀಟರ್. ನಿಮ್ಮ ಉಪಕರಣದ ದೋಷವೇ 2 ಇದ್ದರೆ ಎರಡೂ ಒಂದೇ. ಒಂದೇ ಗೆರೆ ನೋಡಿ ತೀರ್ಮಾನಿಸಬೇಡಿ. ಹೀಲಿಯಂ ಎನ್ನಬೇಕಾದರೆ 447.15 ಮತ್ತು 667.82 ಕೂಡ ಕಾಣಲಿ.

ಇಲ್ಲದ ಗೆರೆಗಳೂ ಕಾಣುತ್ತವೆ. ಗ್ರೇಟಿಂಗ್ ಒಂದೇ ಬೆಳಕನ್ನು ಒಂದಕ್ಕಿಂತ ಹೆಚ್ಚು ದಿಕ್ಕುಗಳಿಗೆ (ಕ್ರಮಗಳಿಗೆ) ಕಳಿಸುತ್ತದೆ; ಎರಡನೇ ಕ್ರಮದಲ್ಲಿ ಪಾದರಸದ 404.66 ಇಮ್ಮಡಿಯಾಗಿ 809.3ರಲ್ಲಿ, ಆರ್ಗಾನಿನ 811.53ರ ಮಗ್ಗುಲಲ್ಲೇ ಬಂದು ಕೂರುತ್ತದೆ. ಸ್ಲಿಟ್ಟಿನ ಮುಂದೆ ನೇರಳೆ ಬೆಳಕು ತಡೆಯುವ ಹಳದಿ ಫಿಲ್ಟರ್ ಇಡಿ: 809.3 ಮಾಯವಾಗುತ್ತದೆ, ಆರ್ಗಾನಿನದು ಉಳಿಯುತ್ತದೆ.